ಬುಡಕಟ್ಟು ಭಾವಚಿತ್ರ ಮತ್ತು ಕಥನ ದಾಖಲಾತಿ

ಬುಡಕಟ್ಟು ಮತ್ತು ಅಲೆಮಾರಿ ಸಮುದಾಯಗಳ ಜನರ ಮುಖವನ್ನು ಛಾಯಾಚಿತ್ರದಲ್ಲಿ ಹಿಡಿದು, ಅವರೇ ಹೇಳಿದ ಕಥೆ, ಹಾಡು, ಬಾಳಿನ ವಿವರಗಳನ್ನು ಜೊತೆಗಿಟ್ಟು ಉಳಿಸುವ ಕ್ರಮ. ಮಾನವಶಾಸ್ತ್ರ, ಜಾನಪದ, ಪತ್ರಿಕೋದ್ಯಮ ಮೂರಕ್ಕೂ ಇದರೊಡನೆ ನಂಟಿದೆ. ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಸುಮಾರು ನೂರೈವತ್ತು ವರ್ಷಗಳ ಚರಿತ್ರೆ ಇದೆ. ಆದರೆ ಅದರ ಬಹುಭಾಗ ಎರಡು ಹೋಳಾಗಿ ಸಾಗಿಬಂದದ್ದು. ಸರ್ಕಾರಿ ಸಮೀಕ್ಷೆಯ ಸಂಪುಟಗಳಲ್ಲಿ ಹೆಸರಿಲ್ಲದ ಮುಖಗಳು ಸಿಗುತ್ತವೆ. ಜಾನಪದ ಸಂಗ್ರಹಗಳಲ್ಲಿ ಮುಖ ಕಾಣದ ಹಾಡುಗಳು ಸಿಗುತ್ತವೆ. ಎರಡೂ ಒಂದೇ ಪುಟಕ್ಕೆ ಬರತೊಡಗಿದ್ದು ತೀರ ಇತ್ತೀಚೆಗೆ.

ಇದನ್ನು ನೋಡಲು ರಾಯಚೂರು ಸೀಮೆ ಒಳ್ಳೆಯ ಜಾಗ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ನೆಲದಲ್ಲಿ, ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಮತ್ತು ಸುತ್ತಲಿನ ಸಿಂಧನೂರು, ಲಿಂಗಸುಗೂರು ಭಾಗದ ಊರುಗಳಲ್ಲಿ ವಾಲ್ಮೀಕಿ ನಾಯಕರ ಓಣಿಗಳಿವೆ, ಲಂಬಾಣಿ ತಾಂಡಾಗಳಿವೆ. ವರ್ಷಕ್ಕೊಮ್ಮೆ ಬಂದು ಹೋಗುವ ಹೆಳವರು, ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಕಿಳ್ಳೇಕ್ಯಾತರು ಈ ಸೀಮೆಗೆ ಹೊಸಬರಲ್ಲ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಜನರಲ್ಲಿ ಶೇಕಡ 19ರಷ್ಟು ಮಂದಿ ಪರಿಶಿಷ್ಟ ಪಂಗಡದವರು. ಇವರಲ್ಲಿ ಹೆಚ್ಚಿನವರು ನಾಯಕರು. ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪಟ್ಟಿಗೆ ಸೇರಿದ್ದು 1991ರಲ್ಲಿ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಛಾಯಾಚಿತ್ರಗಾರರು ಮಾತ್ರ ಪಟ್ಟಿಯನ್ನು ನೋಡಿ ಬರುವವರಲ್ಲ, ಕನ್ನಡಿ ಹೊಲಿದ ಬಟ್ಟೆಯನ್ನು ನೋಡಿ ಬರುವವರು.

ಸಮೀಕ್ಷೆಯ ಮುಖಗಳು

1857ರ ದಂಗೆಯ ನಂತರ ತಾವು ಆಳುವ ಜನ ಯಾರು ಎಂದು ತಿಳಿಯುವ ಆತುರ ಬ್ರಿಟಿಷರಿಗೆ ಹೆಚ್ಚಾಯಿತು. ಗವರ್ನರ್ ಜನರಲ್ ಕ್ಯಾನಿಂಗ್ ದಂಪತಿ ನೆನಪಿಗೆಂದು ಚಿತ್ರ ಕೂಡಿಸಲು ಹೊರಟದ್ದು ಸರ್ಕಾರದ ಯೋಜನೆಯಾಗಿ ಬೆಳೆದು, ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಅವರ ಸಂಪಾದಕತ್ವದಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟಗಳಾಗಿ 1868ರಿಂದ 1875ರ ನಡುವೆ ಹೊರಬಂತು. ಅದರಲ್ಲಿ 460ಕ್ಕೂ ಹೆಚ್ಚು ಛಾಯಾಚಿತ್ರಗಳಿದ್ದವು. ಪ್ರತಿ ಚಿತ್ರದ ಪಕ್ಕ ಜಾತಿ ಅಥವಾ ಬುಡಕಟ್ಟಿನ ಹೆಸರು, ಅದರ ಗುಣದೋಷಗಳ ತೀರ್ಪು. ಚಿತ್ರದಲ್ಲಿ ನಿಂತವನ ಹೆಸರು ಮಾತ್ರ ಬಹುತೇಕ ಇಲ್ಲ. 1869ರಲ್ಲಿ ಲಂಡನ್ನಿನಲ್ಲಿದ್ದ ಸರ್ ಸೈಯದ್ ಅಹಮದ್ ಖಾನರಿಗೆ ಈ ಪುಸ್ತಕ ಕಂಡು ಆದ ಅವಮಾನ ಅವರ ಪತ್ರದಲ್ಲಿ ದಾಖಲಾಗಿದೆ. ಪುಟ ತಿರುವುತ್ತಿದ್ದ ಇಂಗ್ಲಿಷ್ ತರುಣನೊಬ್ಬ ಅವರ ಮಗನನ್ನು ನೀನು ಹಿಂದೂಸ್ತಾನಿಯೇ ಎಂದು ಕೇಳಿದ. ಹುಡುಗ ಹೌದೆಂದು ಹೇಳಿ, ನಾಚಿಕೆಯಿಂದ, ತಾನು ಅಲ್ಲಿನ ಮೂಲನಿವಾಸಿಯಲ್ಲ ಎಂದು ಸೇರಿಸಿದ. ಪುಸ್ತಕದಲ್ಲಿದ್ದವರ ಸಾಲಿನಿಂದ ತಪ್ಪಿಸಿಕೊಳ್ಳುವ ದಾರಿಯನ್ನಷ್ಟೇ ಅವನು ಹುಡುಕಿದ್ದು. ಆ ಸಾಲಿನಲ್ಲೇ ನಿಂತಿದ್ದ ಬುಡಕಟ್ಟಿನವರಿಗೆ ಅಂಥ ದಾರಿಯೂ ಇರಲಿಲ್ಲ.

ಆ ಸಂಪುಟಗಳಿಗೆ ವಿವರಣೆ ಬರೆದವರಲ್ಲಿ ಕರ್ನಲ್ ಮೆಡೋಸ್ ಟೇಲರ್ ಒಬ್ಬ. ಈತ ಲಿಂಗಸುಗೂರಿಗೆ ಸಮೀಪದ ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡವನು. ಅಲ್ಲಿನ ಬೇಡರ ಮನೆತನದ ಎಳೆಯ ದೊರೆ ವೆಂಕಟಪ್ಪ ನಾಯಕ ಈತನನ್ನು ಅಪ್ಪ ಎಂದೇ ಕರೆಯುತ್ತಿದ್ದ. 1858ರಲ್ಲಿ ದಂಗೆ ಎದ್ದು ಸೆರೆಸಿಕ್ಕ ಆ ತರುಣ ಗುಂಡೇಟಿನಿಂದ ಸತ್ತ. ಟೇಲರ್‌ನ ಆತ್ಮಕಥೆ 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಅಚ್ಚಾಯಿತು. ಅದರಲ್ಲಿ ವೆಂಕಟಪ್ಪ ನಾಯಕ ಹಟ, ಅಂಜಿಕೆ, ಪ್ರೀತಿ ಎಲ್ಲವೂ ಇರುವ ಒಬ್ಬ ಮನುಷ್ಯನಾಗಿ ಬರುತ್ತಾನೆ. ಸಮೀಕ್ಷೆಯ ಆಲ್ಬಮ್ಮಿನಲ್ಲಿ ಜನ ಬರುವುದು ಮಾದರಿಗಳಾಗಿ. ಎರಡೂ ಕಡೆ ದುಡಿದ ಕೈ ಒಂದೇ. ಕಥೆ ಹೇಳಹೊರಟಾಗ ಅವನಿಗೆ ಹೆಸರು ಬೇಕಾಯಿತು, ವರ್ಗೀಕರಣಕ್ಕೆ ಕುಳಿತಾಗ ಬೇಡವಾಯಿತು.

1901ರಲ್ಲಿ ಜನಾಂಗ ಸಮೀಕ್ಷೆಗೆ ಆಜ್ಞೆಯಾದ ಮೇಲೆ ಈ ಕೆಲಸಕ್ಕೆ ಅಳತೆಗೋಲೂ ಸೇರಿತು. ಮದರಾಸು ವಸ್ತುಸಂಗ್ರಹಾಲಯದ ಅಧೀಕ್ಷಕನಾಗಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ 7 ಸಂಪುಟಗಳನ್ನು ಪ್ರಕಟಿಸಿದ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ಬೋಯರು (ಬೇಡರು), ತೊಗಲುಗೊಂಬೆಯ ಕಿಳ್ಳೇಕ್ಯಾತರು ಅದರಲ್ಲಿ ಬರುತ್ತಾರೆ. ಮೂಗು, ತಲೆಬುರುಡೆ, ಎತ್ತರ ಅಳೆಯುವುದು ಥರ್ಸ್ಟನ್‌ಗೆ ಗೀಳು. ತನ್ನನ್ನು ಕಂಡ ಜನ ಹೇಗೆ ಬೆದರಿದರು ಎಂಬುದನ್ನು ಅವನು ತಮಾಷೆಯಾಗಿ ಬರೆದುಕೊಂಡಿದ್ದಾನೆ. ವೈನಾಡಿನ ಪಣಿಯ ಹೆಂಗಸರು ತಮ್ಮಲ್ಲಿ ಚೆನ್ನಾಗಿರುವವರನ್ನು ಹಿಡಿದು ಹುಲ್ಲು ತುಂಬಿ ಮದರಾಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆಂದು ಓಡಿಹೋದರಂತೆ. ನೀಲಗಿರಿಯವನೊಬ್ಬ ಎತ್ತರ ಅಳೆಯುವ ಕಂಬವನ್ನು ನೇಣುಗಂಬವೆಂದೇ ತಿಳಿದನಂತೆ. ಆ ಕಾಲದ ಚಿತ್ರಗಳಲ್ಲಿ ಜನ ಬಿಗಿದುಕೊಂಡು ನಿಂತಿರುವುದಕ್ಕೆ ನಿಧಾನದ ಗಾಜಿನ ಫಲಕಗಳು ಒಂದು ಕಾರಣ. ಈ ಹೆದರಿಕೆ ಇನ್ನೊಂದು.

ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ಎಚ್.ವಿ. ನಂಜುಂಡಯ್ಯನವರು ಆರಂಭಿಸಿದರು. ಅವರು 1920ರಲ್ಲಿ ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಮುಂದುವರಿಸಿ 1928–1935ರ ಅವಧಿಯಲ್ಲಿ 4 ಸಂಪುಟಗಳಾಗಿ ಮುಗಿಸಿದರು. ರಾಯಚೂರು ಆಗ ಹೈದರಾಬಾದ್ ನಿಜಾಮರ ಸೀಮೆ. ಅಲ್ಲಿನ ಜನರ ಬಗ್ಗೆ ಸೈಯದ್ ಸಿರಾಜ್ ಉಲ್ ಹಸನ್ ಬರೆದ ಗ್ರಂಥ 1920ರಲ್ಲಿ ಬಂತು. ಬೇಡರ ಮದುವೆ, ದೈವ, ಶವಸಂಸ್ಕಾರಗಳನ್ನು ತಿಳಿಯಲು ಇಂದಿಗೂ ಅದನ್ನು ತೆರೆಯಬೇಕು. ಓದುಗನಿಗೆ ಅಲ್ಲಿ ಆಚರಣೆ ಸಿಗುತ್ತದೆ, ಆಚರಿಸಿದವರು ಸಿಗುವುದಿಲ್ಲ.

ಹಾಡಿನ ಸಂಗ್ರಹಗಳು

ಇನ್ನೊಂದು ಹೋಳು ಹಾಡಿನದು. 1857ರ ನವೆಂಬರಿನಲ್ಲಿ ನಿಃಶಸ್ತ್ರೀಕರಣದ ವಿರುದ್ಧ ಸಿಡಿದೆದ್ದ ಹಲಗಲಿಯ ಬೇಡರ ಲಾವಣಿ ಜೆ.ಎಫ್. ಫ್ಲೀಟ್ ಅವರ ಸಂಗ್ರಹದಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ಲಾವಣಿಕಾರ ಕುರ್ತಕೋಟಿ ಕಲ್ಮೇಶ ತನ್ನ ಹೆಸರು ಉಳಿಸಿಹೋಗಿದ್ದಾನೆ. ನಮ್ಮ ಹಾಡುಗಾರರಿಗೆ ಅಂಕಿತ ಹಾಕುವ ರೂಢಿ ಇದ್ದದ್ದರಿಂದ ಹೆಸರು ಉಳಿಯಿತು; ಮುಖ ಉಳಿಸಿಕೊಳ್ಳುವ ಉಪಾಯ ಅವರ ಕೈಯಲ್ಲಿ ಇರಲಿಲ್ಲ.

ಟೇಪ್ ರೆಕಾರ್ಡರ್ ಬಂದ ಮೇಲೂ ಜಾನಪದ ವಿದ್ವಾಂಸರು ಪಠ್ಯಕ್ಕೆ ಕೊಟ್ಟ ಗಮನವನ್ನು ಹಾಡಿದವರಿಗೆ ಕೊಡಲಿಲ್ಲ. ಪುಸ್ತಕದ ಕೊನೆಯಲ್ಲಿ ವಕ್ತೃಗಳ ಪಟ್ಟಿ, ಇದ್ದರೆ ಅಂಚೆಚೀಟಿಯಷ್ಟು ಒಂದು ಚಿತ್ರ. ಇದಕ್ಕೆ ಹೊರತಾದ ಕೆಲಸಗಳಲ್ಲಿ ಹೆಸರಿಸಬೇಕಾದ್ದು ತುಳುನಾಡಿನ ಸಿರಿ ಕಾವ್ಯದ ದಾಖಲಾತಿ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ದಿನಗಟ್ಟಲೆ ಕೂತು 15,683 ಸಾಲುಗಳನ್ನು ದಾಖಲಿಸಿಕೊಂಡರು. 1998ರಲ್ಲಿ ಅದು ಪ್ರಕಟವಾಯಿತು. ಹಾಡುಗಾರ ಯಾರು, ಯಾರಿಂದ ಕಲಿತ, ಎಲ್ಲಿ ಹಾಡುತ್ತಾನೆ ಎಂಬುದಕ್ಕೆ ಕಾವ್ಯದಷ್ಟೇ ಜಾಗ ಸಿಕ್ಕಿದ್ದು ಇದರ ಹೆಚ್ಚುಗಾರಿಕೆ.

1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ದಾರಿಯನ್ನು ಬಯಲುಸೀಮೆಗೆ ತಂದಿತು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ. ಬುಡ್ಗ ಜಂಗಮ ಸಮುದಾಯದ ಈ ಬುರ್ರಕಥೆಗಾರ್ತಿಯ ಕಾವ್ಯಗಳನ್ನು ವಿಶ್ವವಿದ್ಯಾಲಯ ಬರೆಸಿಕೊಂಡು ಅಚ್ಚು ಮಾಡಿತು, ನಾಡೋಜ ಗೌರವವನ್ನೂ ಕೊಟ್ಟಿತು. 2014ರಲ್ಲಿ ಈರಮ್ಮ ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದದ್ದು ಹೆಸರು, ಊರು, ಮುಖ, ಕಥೆ ನಾಲ್ಕೂ ಕೂಡಿದ ಸುದ್ದಿ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರದೂ ಇಂಥದೇ ಸಂಗತಿ. 2025ರಲ್ಲಿ, 96ರ ವಯಸ್ಸಿನಲ್ಲಿ, ತೊಗಲುಗೊಂಬೆಯಾಟಕ್ಕಾಗಿ ಅವರಿಗೆ ಪದ್ಮಶ್ರೀ ಬಂತು. ಗೊಂಬೆಗಳನ್ನು ಮುಂದಿಟ್ಟುಕೊಂಡು ಕುಳಿತ ಅವರ ಚಿತ್ರವನ್ನು ನಾಡು ನೋಡಿತು. ಥರ್ಸ್ಟನ್ ಸಂಪುಟದ ಕಿಳ್ಳೇಕ್ಯಾತರಿಂದ ಇಲ್ಲಿಗೆ ಬರಲು ನೂರ ಹದಿನಾರು ವರ್ಷ ಹಿಡಿಯಿತು. ಅದೂ ಪ್ರಶಸ್ತಿಯ ದೆಸೆಯಿಂದ. ಪ್ರಶಸ್ತಿ ಬಾರದ ಕಲಾವಿದೆಯ ಚಿತ್ರ ಯಾರು ತೆಗೆದರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಂಕೋಲೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಪದ್ಮಶ್ರೀ ಪಡೆದ ಚಿತ್ರ ದೇಶವೆಲ್ಲ ಹರಿದಾಡಿತು. ಅವರು ಗಿಡ ಬೆಳೆಸಿದ ದಶಕಗಳು ಹೆಚ್ಚುಕಡಿಮೆ ಚಿತ್ರವಿಲ್ಲದೆ ಕಳೆದಿದ್ದವು.

ತಾಂಡಾದ ಬಾಗಿಲಲ್ಲಿ ಕ್ಯಾಮೆರಾ

ರಾಯಚೂರು ಸೀಮೆಯಲ್ಲಿ ಹೆಚ್ಚು ಚಿತ್ರವಾದವರು ಲಂಬಾಣಿ ಹೆಂಗಸರು. ಫೇಟಿಯಾ, ಬೆನ್ನು ತೆರೆದ ಕಾಂಚಳಿ, ಕಿವಿಯ ಪಕ್ಕ ಇಳಿಬಿದ್ದ ಘೂಗ್ರಿ-ಟೋಪ್ಲಿ, ತೋಳುದ್ದ ಬಳೆ, ಎದೆಯ ಮೇಲೆ ನಾಣ್ಯದ ಸಾಲು. ಈ ಉಡುಪನ್ನು ಚಿತ್ರಿಸುವುದು ಕಂಡಷ್ಟು ಸುಲಭವಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನೂರಾರು ಚೂರುಗನ್ನಡಿಗಳು ಒಟ್ಟಿಗೇ ಮಿಂಚುತ್ತವೆ. ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡರೆ ಮುಖ ಕಪ್ಪಾಗುತ್ತದೆ. ಬಟ್ಟೆ ಉಳಿದು ಮನುಷ್ಯಳು ಮಾಯವಾಗುತ್ತಾಳೆ. ಕೆಲಸ ಬಲ್ಲವರು ಮನೆಯ ಹೊಸ್ತಿಲೊಳಗೆ ಅಥವಾ ಬೇವಿನ ನೆರಳಿಗೆ ಕೂರಿಸಿ, ಅಂಗಳದಿಂದ ಮರಳಿಬರುವ ಬೆಳಕಿನಲ್ಲಿ ತೆಗೆಯುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ವೇಷದ್ದು. ಈ ಉಡುಪನ್ನು ದಿನವೂ ಉಡುವವರು ಈಗ ಮುದುಕಿಯರು ಮಾತ್ರ. ಹರೆಯದವರಿಗೆ ಅದು ದೀಪಾವಳಿಗೋ ಸೇವಾಲಾಲ್ ಜಯಂತಿಗೋ ಟ್ರಂಕಿನಿಂದ ಹೊರಬರುವ ಬಟ್ಟೆ. ಹೊರಗಿನಿಂದ ಬಂದವರು ಅದನ್ನೇ ಉಟ್ಟು ಬಾ ಎನ್ನುತ್ತಾರೆ. ಅಮೆರಿಕದ ಎಡ್ವರ್ಡ್ ಕರ್ಟಿಸ್ ಮಾಡಿದ್ದೂ ಇದನ್ನೇ. 1907ರಿಂದ 1930ರವರೆಗೆ 20 ಸಂಪುಟಗಳಲ್ಲಿ ಅಲ್ಲಿನ ಮೂಲನಿವಾಸಿಗಳ 2,200ಕ್ಕೂ ಹೆಚ್ಚು ಚಿತ್ರಗಳನ್ನು ಪ್ರಕಟಿಸಿದ ಈತ, ಪೀಗನ್ ಜನರ ಗುಡಾರದ ಚಿತ್ರವೊಂದರಲ್ಲಿ ಇಬ್ಬರ ನಡುವೆ ಇದ್ದ ಗಡಿಯಾರವನ್ನು ಅಚ್ಚಿನಲ್ಲಿ ಅಳಿಸಿಹಾಕಿದ. ಕಾಲ ಮುಟ್ಟದ ಜನರನ್ನು ತೋರಿಸುವ ಹಂಬಲ ಅವನದು. ಆದರೆ ಕರ್ಟಿಸ್‌ನನ್ನು ಅಷ್ಟಕ್ಕೇ ತಳ್ಳಿಹಾಕುವುದು ನ್ಯಾಯವಲ್ಲ. ಅವನ ಎಷ್ಟೋ ಭಾವಚಿತ್ರಗಳಿಗೆ ಹೆಸರಿದೆ. ಮೇಣದ ಸುರುಳಿಗಳಲ್ಲಿ 10,000ದಷ್ಟು ಧ್ವನಿಮುದ್ರಣಗಳನ್ನೂ ಅವನು ಮಾಡಿಸಿದ್ದ. ಮುಖ ಮತ್ತು ಮಾತನ್ನು ಒಟ್ಟಿಗೆ ಹಿಡಿಯಲು ಹೊರಟ ಮೊದಲಿಗರಲ್ಲಿ ಅವನೂ ಒಬ್ಬ.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಈ ಪರಂಪರೆಯನ್ನೇ ಅಣಕಿಸಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ‘ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ’ ಚಿತ್ರಮಾಲೆಯಲ್ಲಿ ತಾವೇ ವೇಷ ಹಾಕಿ, ಹಿಂದೆ ಅಳತೆಯ ಚೌಕಳಿ ಪರದೆ ಕಟ್ಟಿಕೊಂಡು ನಿಂತರು. ಮಾದರಿಯಾಗಿ ನಿಲ್ಲುವುದು ಎಂದರೇನು ಎಂಬುದು ಅದರಲ್ಲಿ ಕಂಡಷ್ಟು ಚೆನ್ನಾಗಿ ಯಾವ ಪ್ರಬಂಧದಲ್ಲೂ ಕಾಣದು.

ಊರಿನವರದೇ ಆದ ಭಾವಚಿತ್ರದ ರೂಢಿ ಬೇರೆ ಇದೆ. ಜಾತ್ರೆಯ ಫೋಟೊ ಡೇರೆಯಲ್ಲಿ ತಾಜಮಹಲಿನ ಪರದೆಯ ಮುಂದೆ ಗಂಡಹೆಂಡತಿ ನಿಂತ ಚಿತ್ರ, ಕಟ್ಟು ಹಾಕಿಸಿ ಗೋಡೆಗೇರಿಸಿದ ಅಪ್ಪನ ಚಿತ್ರ, ಅದಕ್ಕೆ ಹಚ್ಚಿದ ಕುಂಕುಮ. ಇಲ್ಲಿ ವೇಷ, ನಿಲುವು, ಹಿನ್ನೆಲೆ ಎಲ್ಲವೂ ನಿಂತವರ ಆಯ್ಕೆ. ಸಂಶೋಧಕರು ಇವನ್ನು ಕೃತಕವೆಂದು ಬದಿಗಿಟ್ಟದ್ದು ದೊಡ್ಡ ನಷ್ಟ. ಎಷ್ಟೋ ಮುದುಕರಿಗೆ ಜಾತ್ರೆಯ ಚಿತ್ರ ಬಿಟ್ಟರೆ ಇರುವುದು ಆಧಾರ್ ಕಾರ್ಡಿನ ಮುಖ ಮಾತ್ರ. ಕಥನದಲ್ಲೂ ಹೀಗೆಯೇ. ಮನೆಮನೆಗೆ ಬಂದು ತಲೆಮಾರುಗಳ ಹೆಸರು ಹೇಳುವ ಹೆಳವರು ಯಾವ ಸಮೀಕ್ಷೆಗಿಂತಲೂ ಹಳೆಯ ದಾಖಲೆಗಾರರು.

ಇನ್ನೂ ಹಿಂದೆ ಹೋದರೆ, ಮುಖಕ್ಕೆ ಹೆಸರು ಬರೆಯುವ ಪದ್ಧತಿ ಈ ಭಾಗದಲ್ಲಿ ಎರಡು ಸಾವಿರ ವರ್ಷ ಹಳೆಯದು. 1915ರಲ್ಲಿ ಸಿಕ್ಕ ಮಸ್ಕಿಯ ಶಾಸನ ಅಶೋಕನನ್ನು ಹೆಸರಿಟ್ಟು ಕರೆಯುತ್ತದೆ; ಸನ್ನತಿಯ ಬಳಿಯ ಕನಗನಹಳ್ಳಿಯ ಶಿಲ್ಪದಲ್ಲಿ ಅವನ ರೂಪದ ಜೊತೆಗೇ ಹೆಸರನ್ನೂ ಕೆತ್ತಲಾಗಿದೆ. ಆದರೆ ಅದು ರಾಜನಿಗೆ ಸಂದ ಮರ್ಯಾದೆ.

ಕ್ರಮ ಮತ್ತು ಹಕ್ಕು

ಪಿ. ಸಾಯಿನಾಥ್ 2014ರ ಡಿಸೆಂಬರಿನಲ್ಲಿ ಆರಂಭಿಸಿದ ಗ್ರಾಮೀಣ ಭಾರತದ ಜನಭಂಡಾರ ‘ಪರಿ’ ಮುಖದ ಜೊತೆ ಹೆಸರಿಡುವ ಆ ಮರ್ಯಾದೆಯನ್ನು ಎಲ್ಲರಿಗೂ ಸಲ್ಲಿಸಲು ಹೊರಟಿದೆ. ಅದರ ‘ಫೇಸಸ್’ ವಿಭಾಗದಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಭಾವಚಿತ್ರಗಳಿದ್ದು, ಹೆಸರು, ಉದ್ಯೋಗ, ಊರು ಚಿತ್ರದ ಭಾಗವೇ ಆಗಿವೆ. ಕಥನಗಳು ಕನ್ನಡದಲ್ಲೂ ಪ್ರಕಟವಾಗಿವೆ.

ಪಾಮನಕಲ್ಲೂರಿನಂಥ ಊರಿನಲ್ಲಿ ಈ ಕೆಲಸಕ್ಕೆ ಹೊರಡುವವರು ಮೊದಲು ಗುಳೆಯ ಲೆಕ್ಕ ಹಿಡಿಯಬೇಕು. ಸುಗ್ಗಿ ಮುಗಿಯುತ್ತಲೇ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆಯ ಕಡೆ ಗುಳೆ ಹೋಗುತ್ತಾರೆ. ಬೇಸಿಗೆಯಲ್ಲಿ ಬಂದವರಿಗೆ ಮುದುಕರೂ ಮಕ್ಕಳೂ ಮಾತ್ರ ಸಿಕ್ಕು, ಸಮುದಾಯವೇ ಮುಪ್ಪಾದಂತೆ ಚಿತ್ರ ಬರುತ್ತದೆ. ಕಥೆಯನ್ನು ಹೇಳುವವರ ಮಾತಿನಲ್ಲೇ, ಲಂಬಾಣಿಯಾದರೆ ಲಂಬಾಣಿಯಲ್ಲೇ ಧ್ವನಿಮುದ್ರಿಸಿಕೊಳ್ಳಬೇಕು. ತೆಗೆದ ಚಿತ್ರದ ಒಂದು ಪ್ರತಿ ಆ ಮನೆಗೆ ತಲುಪಬೇಕು. ಒಪ್ಪಿಗೆ ಊರ ಹಿರಿಯರಿಂದ ಪಡೆದರೆ ಸಾಲದು, ಚಿತ್ರಕ್ಕೆ ಕೂರುವವರಿಂದಲೇ ಪಡೆಯಬೇಕು.

ಕಾನೂನು ಈ ವಿಷಯದಲ್ಲಿ ಮಾತಿಗೆ ಒಂದು ಅಳತೆ, ಮುಖಕ್ಕೆ ಒಂದು ಅಳತೆ ಇಟ್ಟಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. ಗಾಯಕರು, ನಟರು, ಹಾವಾಡಿಗರನ್ನೂ ಅಧಿನಿಯಮ ಹೆಸರಿಸಿ ಆ ಪಟ್ಟಿಗೆ ಸೇರಿಸಿದೆ. ಹೀಗಾಗಿ ಬುರ್ರಕಥೆ ಹೇಳಿದವರ ಧ್ವನಿಗೆ ರಕ್ಷಣೆ ಇದೆ. ಛಾಯಾಚಿತ್ರದ ಕೃತಿಸ್ವಾಮ್ಯ ಸಾಮಾನ್ಯವಾಗಿ ತೆಗೆದವರದು. ಹಣ ಕೊಟ್ಟು ತನ್ನ ಚಿತ್ರ ತೆಗೆಸಿಕೊಂಡವನು, ಬೇರೆ ಕರಾರು ಇಲ್ಲದಿದ್ದರೆ, ಅದರ ಮೊದಲ ಒಡೆಯನಾಗುತ್ತಾನೆ. ಹೊರಗಿನಿಂದ ಬಂದವರ ಕ್ಯಾಮೆರಾಕ್ಕೆ ಪುಕ್ಕಟೆ ಕುಳಿತ ತಾಂಡಾದ ಮುದುಕಿಗೆ ಆ ಚಿತ್ರದ ಕೃತಿಸ್ವಾಮ್ಯದಲ್ಲಿ ಪಾಲಿಲ್ಲ.