ಇಂಡೋನೇಷ್ಯಾ: ಸಂಕಟದಲ್ಲಿ ಹುಟ್ಟಿದ ಪ್ರಜಾಪ್ರಭುತ್ವ

1998ರ ಮೇ 12ರಂದು ಜಕಾರ್ತದಲ್ಲಿ ಪ್ರತಿಭಟನೆಗಿಳಿದಿದ್ದ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಒಂಬತ್ತು ದಿನಗಳ ನಂತರ, 32 ವರ್ಷ ಆಳಿದ್ದ ಸುಹಾರ್ತೊ ರಾಜೀನಾಮೆ ನೀಡಿದರು.

ಇಂಡೋನೇಷ್ಯಾಕ್ಕೆ ಪ್ರಜಾಪ್ರಭುತ್ವ ಬಂದದ್ದು ಕಷ್ಟಕಾಲದಲ್ಲಿ. 1997ರ ಮಧ್ಯದಲ್ಲಿ ಒಂದು ಡಾಲರಿಗೆ ಸುಮಾರು 2,400 ರೂಪಿಯಾ ಇದ್ದದ್ದು ಮರುವರ್ಷ 16,000 ದಾಟಿತು. ಡಾಲರಿನಲ್ಲಿ ಸಾಲ ಮಾಡಿದ್ದ ಕಂಪೆನಿಗಳು ಮುಳುಗಿದವು, ಅಕ್ಕಿ ತುಟ್ಟಿಯಾಯಿತು. 1998ರಲ್ಲಿ ಆರ್ಥಿಕತೆ ಶೇ. 13ರಷ್ಟು ಕುಗ್ಗಿತು.

ಆದರೂ 1999ರಲ್ಲಿ 48 ಪಕ್ಷಗಳು ಮುಕ್ತ ಚುನಾವಣೆ ಎದುರಿಸಿದವು. 2001ರಲ್ಲಿ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಶಾಸನಸಭೆಯನ್ನು ವಿಸರ್ಜಿಸಲು ಹೊರಟಾಗ ಸೇನೆ ಒಪ್ಪಲಿಲ್ಲ. ಸಭೆಯೇ ಅವರನ್ನು ಪದಚ್ಯುತಗೊಳಿಸಿತು. 2004ರಲ್ಲಿ ಜನರು ಮೊದಲ ಬಾರಿಗೆ ಅಧ್ಯಕ್ಷರನ್ನು ನೇರವಾಗಿ ಆರಿಸಿದರು.

ಬಡತನ ನೀಗಿದ ಮೇಲೆ ಮತದಾನ ಎಂದು ಆ ಜನ ಕಾಯುತ್ತ ಕೂರಲಿಲ್ಲ. ವಿದ್ಯಾರ್ಥಿ ಮಿತ್ರರು ನೆನಪಿಡಬೇಕಾದ ಪಾಠವಿದು.