ಸಿಹಿನೀರಿನ ಅಕ್ವೇರಿಯಂನಲ್ಲಿ ಪಿಎಚ್ ನಿರ್ವಹಣೆ

ಸಿಹಿನೀರಿನ ಅಕ್ವೇರಿಯಂನಲ್ಲಿ ಪಿಎಚ್ ನಿರ್ವಹಣೆ ಎಂದರೆ ಮನೆಯ ಮೀನುತೊಟ್ಟಿಯ ನೀರಿನ ಆಮ್ಲೀಯತೆ ಅಥವಾ ಕ್ಷಾರೀಯತೆಯನ್ನು ಮೀನುಗಳಿಗೆ ಒಗ್ಗುವ ಮಟ್ಟದಲ್ಲಿ ಸ್ಥಿರವಾಗಿರಿಸುವ ಕ್ರಮ. ಪಿಎಚ್ ಅನ್ನು ಕನ್ನಡದಲ್ಲಿ ರಸಸಾರ ಎಂದೂ ಕರೆಯಲಾಗುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಪ್ರದೇಶದಲ್ಲಿ ನದಿ ನೀರು, ಕೊಳವೆಬಾವಿ ನೀರು ಮತ್ತು ಶುದ್ಧೀಕರಣ ಘಟಕದ ನೀರು ಬಳಕೆಯಲ್ಲಿದ್ದು, ಮೂಲಕ್ಕೆ ತಕ್ಕಂತೆ ನಿರ್ವಹಣೆಯೂ ಬದಲಾಗುತ್ತದೆ.

ಪರಿಕಲ್ಪನೆ

ಪಿಎಚ್ ಮಾಪನವನ್ನು ಡೆನ್ಮಾರ್ಕ್‌ನ ರಸಾಯನವಿಜ್ಞಾನಿ ಸೋರೆನ್ ಸೋರೆನ್‌ಸೆನ್ 1909ರಲ್ಲಿ ರೂಪಿಸಿದರು. ಇದರಲ್ಲಿ 7 ತಟಸ್ಥ ಬಿಂದು; ಅದಕ್ಕಿಂತ ಕಡಿಮೆಯಿದ್ದರೆ ನೀರು ಆಮ್ಲೀಯ, ಹೆಚ್ಚಿದ್ದರೆ ಕ್ಷಾರೀಯ. ಮಾಪನವು ಲಘುಗಣಕೀಯವಾದುದರಿಂದ ಒಂದು ಅಂಕದ ವ್ಯತ್ಯಾಸವು ಹೈಡ್ರೋಜನ್ ಅಯಾನುಗಳ ಹತ್ತು ಪಟ್ಟು ವ್ಯತ್ಯಾಸಕ್ಕೆ ಸಮ. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಆಮ್ಲವನ್ನು ಹೀರಿಕೊಂಡು ಪಿಎಚ್ ಕುಸಿಯದಂತೆ ತಡೆಯುತ್ತದೆ. ಈ ತಡೆಶಕ್ತಿಯನ್ನು ಕಾರ್ಬೊನೇಟ್ ಗಡಸುತನವೆಂದು ಅಳೆಯಲಾಗುತ್ತದೆ.

ಮೀನುಗಳ ಮೇಲಿನ ಪರಿಣಾಮ

ಗಪ್ಪಿ, ಮೋಲಿ ಮತ್ತು ಪ್ಲಾಟಿ ಮೀನುಗಳು ಸ್ವಲ್ಪ ಕ್ಷಾರೀಯವಾದ ಗಡಸು ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಅಮೆಜಾನ್ ಮೂಲದ ನಿಯಾನ್ ಟೆಟ್ರಾ ಮತ್ತು ಡಿಸ್ಕಸ್ ಮೀನುಗಳ ಸಹಜ ನೆಲೆ ಆಮ್ಲೀಯವಾದ ಮೃದು ನೀರು. ನಿಗದಿತ ಅಂಕಕ್ಕಿಂತಲೂ ಹಠಾತ್ ಏರಿಳಿತವೇ ಮೀನುಗಳಿಗೆ ಹೆಚ್ಚು ಅಪಾಯಕಾರಿ.

ಮೀನಿನ ಮಲಿನಗಳಿಂದ ಉಂಟಾಗುವ ಅಮೋನಿಯಾದ ವಿಷಕಾರಿ ರೂಪವು ಪಿಎಚ್ ಜೊತೆಗೆ ಏರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಟ್ಟು ಅಮೋನಿಯಾದಲ್ಲಿ ಈ ರೂಪದ ಪಾಲು ಪಿಎಚ್ 7ರಲ್ಲಿ ಸುಮಾರು 0.6 ಶೇಕಡಾ ಇದ್ದರೆ, ಪಿಎಚ್ 8ರಲ್ಲಿ ಸುಮಾರು 5 ಶೇಕಡಾ ಇರುತ್ತದೆ.

ಸ್ಥಳೀಯ ನೀರಿನ ಮೂಲಗಳು

ಗದಗ-ಬೆಟಗೇರಿ ಅವಳಿ ನಗರಕ್ಕೆ ನಳದ ನೀರು ತುಂಗಭದ್ರಾ ನದಿಯಿಂದ ಪೂರೈಕೆಯಾಗುತ್ತದೆ. ಕ್ಲೋರಿನ್ ಬೆರೆಸಿದ ನಳದ ನೀರನ್ನು ಒಂದು ದಿನ ತೆರೆದಿಟ್ಟು ಅಥವಾ ಕ್ಲೋರಿನ್ ನಿವಾರಕ ಹಾಕಿ ಬಳಸಬೇಕು. ಕೊಳವೆಬಾವಿ ನೀರು ಅನೇಕ ಕಡೆ ಗಡಸಾಗಿಯೋ ಸವಳಾಗಿಯೋ ಇರುತ್ತದೆ. ಇಂತಹ ನೀರಿನಲ್ಲಿ ತಡೆಶಕ್ತಿ ಹೆಚ್ಚಾಗಿರುವುದು ಸಾಮಾನ್ಯ.

ಮುಂಡರಗಿ, ಶಿರಹಟ್ಟಿ ಭಾಗದ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿದೆ. ಕುಡಿಯಲು ಶುದ್ಧೀಕರಣ ಘಟಕಗಳ ನೀರು ಬಳಕೆಯಲ್ಲಿದೆ. ಆರ್‌ಒ ವಿಧಾನದಲ್ಲಿ ಶುದ್ಧೀಕರಿಸಿದ ನೀರಿನಲ್ಲಿ ಬೈಕಾರ್ಬೊನೇಟ್ ಬಹಳ ಕಡಿಮೆ. ಇದನ್ನಷ್ಟೇ ತುಂಬಿದ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳ ಕ್ರಿಯೆಯಿಂದ ಆಮ್ಲ ಹೆಚ್ಚಿ ಪಿಎಚ್ ಕುಸಿಯಬಹುದು. ಪಿಎಚ್ ತೀರ ಕುಸಿದಾಗ ಆ ಬ್ಯಾಕ್ಟೀರಿಯಾಗಳೇ ನಿಷ್ಕ್ರಿಯವಾಗಿ ಅಮೋನಿಯಾ ಸಂಗ್ರಹವಾಗುತ್ತದೆ. ಅಂತಹ ತೊಟ್ಟಿಗೆ ಒಮ್ಮೆಲೇ ಹೆಚ್ಚು ಕೊಳವೆಬಾವಿ ನೀರು ಸುರಿದರೆ ಪಿಎಚ್ ಏರಿ, ಸಂಗ್ರಹಗೊಂಡ ಅಮೋನಿಯಾ ವಿಷಕಾರಿಯಾಗಿ ಮೀನುಗಳು ಸಾಯುವ ಸಾಧ್ಯತೆ ಇರುತ್ತದೆ.

ಅಳತೆ ಮತ್ತು ನಿರ್ವಹಣೆ

ಪಿಎಚ್ ಅನ್ನು ದ್ರವ ಪರೀಕ್ಷಾ ಕಿಟ್, ಕಾಗದದ ಪಟ್ಟಿ ಅಥವಾ ಮೀಟರ್‌ನಿಂದ ಅಳೆಯಲಾಗುತ್ತದೆ. ಆಗ ತಾನೇ ಮೇಲೆತ್ತಿದ ಕೊಳವೆಬಾವಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿದ್ದು, ಅಳತೆ ಕಡಿಮೆ ಬರಬಹುದು. ಆದ್ದರಿಂದ ನೀರನ್ನು ಒಂದು ದಿನ ಗಾಳಿಯಾಡಿಸಿ ಅಳೆಯುವುದು ಉಚಿತ.

* ಗಡಸು ನೀರಿಗೆ ಆಮ್ಲ ಬೆರೆಸಿದರೆ ಪಿಎಚ್ ತಾತ್ಕಾಲಿಕವಾಗಿ ಇಳಿದು ಮತ್ತೆ ಏರುವುದರಿಂದ ಈ ವಿಧಾನ ಸೂಕ್ತವಲ್ಲ.
* ಪಿಎಚ್ ತಗ್ಗಿಸಬೇಕಾದರೆ ಆರ್‌ಒ ನೀರನ್ನು ಅಥವಾ ಶುದ್ಧ ಮಳೆನೀರನ್ನು ಹಂತಹಂತವಾಗಿ ಬೆರೆಸಲಾಗುತ್ತದೆ.
* ಸುಣ್ಣದಕಲ್ಲು ಮತ್ತು ಚಿಪ್ಪುಗಳು ಆಮ್ಲೀಯ ನೀರಿನಲ್ಲಿ ನಿಧಾನವಾಗಿ ಕರಗಿ ಪಿಎಚ್ ಏರಿಸುತ್ತವೆ.
* ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗದಷ್ಟು ನೀರನ್ನು ಬದಲಿಸುವುದು ರೂಢಿ. ಹೊಸ ನೀರಿನ ಪಿಎಚ್ ಮತ್ತು ಉಷ್ಣತೆ ಹಳೆಯದಕ್ಕೆ ಸಮೀಪವಿರಬೇಕು.

ಲಭ್ಯ ನೀರಿಗೆ ಹೊಂದುವ ಮೀನುಗಳನ್ನೇ ಆರಿಸಿಕೊಂಡರೆ ಪಿಎಚ್ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.