ಹಳಿ, ಮುಷ್ಕರ, ಮತಪೆಟ್ಟಿಗೆ: ಹ್ಯಾರಿ ಟ್ರೂಮನ್ ಮತ್ತು ಅಮೆರಿಕದ ರೈಲ್ವೆ ನೌಕರರು

1940ರಲ್ಲಿ ಮಿಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್ ಅವರ ರಾಜಕೀಯ ಬದುಕು ಮುಗಿದೇಹೋಯಿತೆಂದು ಹಲವರು ಎಣಿಸಿದ್ದರು. ಅವರನ್ನು ಬೆಳೆಸಿದ್ದ ಕಾನ್ಸಾಸ್ ಸಿಟಿಯ ಮುಖಂಡ ಟಾಮ್ ಪೆಂಡರ್‌ಗಾಸ್ಟ್ ಹಿಂದಿನ ವರ್ಷವೇ ತೆರಿಗೆ ವಂಚನೆಗಾಗಿ ಜೈಲು ಪಾಲಾಗಿದ್ದರು. ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗೆ ಗವರ್ನರ್ ಲಾಯ್ಡ್ ಸ್ಟಾರ್ಕ್ ಅವರೇ ಎದುರಾಳಿ. ಆಗ ಕೈಹಿಡಿದದ್ದು ರೈಲ್ವೆ ಕಾರ್ಮಿಕ ಸಂಘಗಳು. ರೈಲ್ವೆ ಕಂಪನಿಗಳ ಹಣಕಾಸಿನ ಒಳಗುಟ್ಟನ್ನು ಸೆನೆಟ್ ಸಮಿತಿಯಲ್ಲಿ ಕೆದಕಿದ್ದ ಟ್ರೂಮನ್ ಪರವಾಗಿ ಈ ಸಂಘಗಳ ‘ಲೇಬರ್’ ವಾರಪತ್ರಿಕೆ ವಿಶೇಷ ಸಂಚಿಕೆ ಹೊರತಂದು ರಾಜ್ಯದಾದ್ಯಂತ ಹಂಚಿತು. ಸುಮಾರು 8,000 ಮತಗಳ ಅಂತರದಲ್ಲಿ ಟ್ರೂಮನ್ ಗೆದ್ದರು.

ರೈಲ್ವೆ ನೌಕರರ ಬೆಂಬಲಕ್ಕೆ ಇಷ್ಟು ಬೆಲೆ ಏಕೆ? ತಲೆ ಎಣಿಕೆಯಿಂದಷ್ಟೇ ಇದಕ್ಕೆ ಉತ್ತರ ಸಿಗದು.

1916ರ ಪ್ರಸಂಗವನ್ನು ನೋಡಬಹುದು. ನಾಲ್ಕು ರೈಲ್ವೆ ಸಂಘಗಳು ಎಂಟು ಗಂಟೆಯ ದುಡಿಮೆಗಾಗಿ ದೇಶವ್ಯಾಪಿ ಮುಷ್ಕರ ಸಾರಿದಾಗ ಅಧ್ಯಕ್ಷೀಯ ಚುನಾವಣೆಗೆ ಉಳಿದಿದ್ದುದು ಎರಡೇ ತಿಂಗಳು. ಅಧ್ಯಕ್ಷ ವುಡ್ರೋ ವಿಲ್ಸನ್ ತರಾತುರಿಯಲ್ಲಿ ಆ ಬೇಡಿಕೆ ಈಡೇರಿಸುವ ಆಡಮ್‌ಸನ್ ಕಾಯಿದೆ ತಂದು ಮುಷ್ಕರ ತಪ್ಪಿಸಿದರು. ಪ್ರತಿಸ್ಪರ್ಧಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅದನ್ನೇ ಟೀಕೆಯ ವಸ್ತುವಾಗಿಸಿಕೊಂಡರು. ವಿಲ್ಸನ್ 277–254 ಚುನಾಯಕ ಮತಗಳಿಂದ ಗೆದ್ದರು. ಈ ಗೆಲುವಿಗೆ ಕಾಯಿದೆಯೊಂದೇ ಕಾರಣವೆನ್ನಲಾಗದು. ಆದರೆ ಗಾಲಿ ನಿಲ್ಲಿಸಬಲ್ಲವರ ಮಾತಿಗೆ ಚುನಾವಣೆಯ ಹೊಸ್ತಿಲಲ್ಲಿ ಎಷ್ಟು ತೂಕವಿತ್ತೆಂಬುದು ಇದರಿಂದ ಸ್ಪಷ್ಟ.

ಅದೇ ಶಕ್ತಿ 1946ರ ಮೇ ತಿಂಗಳಲ್ಲಿ ಟ್ರೂಮನ್‌ಗೇ ತಿರುಗಿ ನಿಂತಿತು. ಅಷ್ಟರಲ್ಲಿ ಅವರು ಅಧ್ಯಕ್ಷರಾಗಿದ್ದರು. ಟ್ರೈನ್‌ಮನ್‌ಗಳ ಸಂಘದ ಎ. ಎಫ್. ವಿಟ್ನಿ, ಎಂಜಿನ್ ಚಾಲಕರ ಸಂಘದ ಅಲ್ವಾನ್ಲಿ ಜಾನ್‌ಸ್ಟನ್ ಮುಷ್ಕರಕ್ಕಿಳಿದರು. ಮುಷ್ಕರನಿರತರನ್ನು ಸೇನೆಗೆ ಸೇರಿಸಿಕೊಳ್ಳುವ ಅಧಿಕಾರವನ್ನು ಟ್ರೂಮನ್ ಸಂಸತ್ತಿನಲ್ಲಿ ಕೇಳುತ್ತಿರುವಾಗಲೇ ರಾಜಿಯಾದ ಸುದ್ದಿಯ ಚೀಟಿ ಅವರ ಕೈ ಸೇರಿತು. ಮಸೂದೆ ಕೆಳಮನೆಯಲ್ಲಿ 306–13ರಿಂದ ಪಾಸಾದರೂ ಸೆನೆಟ್ ಅದಕ್ಕೆ ತಡೆಹಾಕಿತು. ಟ್ರೂಮನ್‌ರನ್ನು ಸೋಲಿಸಲು ಸಂಘದ ಖಜಾನೆಯನ್ನೇ ಬರಿದು ಮಾಡುವುದಾಗಿ ವಿಟ್ನಿ ಗುಡುಗಿದರು.

ಆ ಮುನಿಸು ಬಹುಕಾಲ ಉಳಿಯಲಿಲ್ಲ. ಕಾರ್ಮಿಕ ಸಂಘಗಳ ಕೈಕಟ್ಟುವ ಟಾಫ್ಟ್–ಹಾರ್ಟ್ಲಿ ಮಸೂದೆಯನ್ನು ಟ್ರೂಮನ್ 1947ರ ಜೂನ್ 20ರಂದು ತಿರಸ್ಕರಿಸಿದರು. ಮೂರೇ ದಿನಗಳಲ್ಲಿ ಸಂಸತ್ತು ಆ ತಿರಸ್ಕಾರವನ್ನು ಮೀರಿ ಕಾಯಿದೆ ಮಾಡಿತು. ಆದರೂ ವಿಟ್ನಿ ಟ್ರೂಮನ್ ಪಾಳೆಯಕ್ಕೆ ಮರಳಿದರು. ಗಮನಿಸಬೇಕಾದ ಅಂಶವೆಂದರೆ, 1926ರ ರೈಲ್ವೆ ಕಾರ್ಮಿಕ ಕಾಯಿದೆಗೆ ಒಳಪಟ್ಟಿದ್ದ ರೈಲ್ವೆ ನೌಕರರು ಟಾಫ್ಟ್–ಹಾರ್ಟ್ಲಿಯ ವ್ಯಾಪ್ತಿಗೇ ಬರುತ್ತಿರಲಿಲ್ಲ. ಅಂದರೆ ಅವರ ಬೆಂಬಲ ತಮ್ಮ ಕೂಲಿಯ ಲೆಕ್ಕವನ್ನಷ್ಟೇ ಅವಲಂಬಿಸಿರಲಿಲ್ಲ. ಇಡೀ ಕಾರ್ಮಿಕ ವರ್ಗದ ಬಗ್ಗೆ ಅಧ್ಯಕ್ಷರ ನಿಲುವನ್ನೂ ಅವರು ತೂಗಿ ನೋಡಿದ್ದರು.

1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಟ್ರೂಮನ್ ರೈಲಿನಲ್ಲೇ ದೇಶ ಸುತ್ತಿ, ಸಣ್ಣಪುಟ್ಟ ನಿಲ್ದಾಣಗಳಲ್ಲಿ ಬೋಗಿಯ ಹಿಂಬದಿಯಿಂದಲೇ ಭಾಷಣ ಮಾಡಿದರು. ಟ್ರೈನ್‌ಮನ್‌ಗಳ ಸಂಘದ ಕೇಂದ್ರ ಕಚೇರಿಯಿದ್ದ ಓಹಾಯೋ ರಾಜ್ಯ ಸುಮಾರು 7,000 ಮತಗಳಿಂದ ಅವರಿಗೆ ಒಲಿಯಿತು.

ಈ ಒಲವು ಸರ್ಕಾರದ ಕೈಯನ್ನೇನೂ ಕಟ್ಟಿಹಾಕಲಿಲ್ಲ. 1950ರ ಆಗಸ್ಟ್‌ನಲ್ಲಿ ಮತ್ತೊಂದು ಮುಷ್ಕರ ಎದುರಾದಾಗ ಅದೇ ಟ್ರೂಮನ್ ರೈಲ್ವೆಯನ್ನು ಸೇನೆಯ ವಶಕ್ಕೆ ಒಪ್ಪಿಸಿದರು. ಕಂಪನಿಗಳಿಗೆ ಅದು ಮರಳಿದ್ದು 1952ರ ಮೇ ತಿಂಗಳಲ್ಲಿ.